ಮಗಳಿಗೆ ಮೊದಲು ಯಾವ ಕಾಮಿಕ್ಸ್ ಕೊಡಿಸಲಿ ಎಂದು ಕೇಳಿದ ಗೆಳೆಯನಿಗೆ

ಪ್ರಿಯ ಸುರೇಶ,

ಸೂಪರ್‌ಹೀರೊ ಸಿನಿಮಾಗಳನ್ನೆಲ್ಲ ನೋಡಿ ಮುಗಿಸಿದ ನಿನ್ನ ಮಗಳು ಈಗ ಮೂಲ ಕಾಮಿಕ್ಸ್ ಪುಸ್ತಕಗಳನ್ನೇ ಓದಬೇಕೆಂದು ಹಟ ಹಿಡಿದಿದ್ದಾಳೆ, ಎಲ್ಲಿಂದ ಶುರು ಮಾಡಿಸಲಿ ಎಂದು ಕೇಳಿದ್ದೀಯೆ. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಎಷ್ಟು ಕಾಲದಿಂದ ಕಾದು ಕುಳಿತಿದ್ದೇನೆ ಎನ್ನುವುದು ನಿನಗೆ ಗೊತ್ತು. ಗೊತ್ತಿದ್ದೇ ಕೇಳಿದ್ದೀಯೆ, ಅನುಭವಿಸು. ಉತ್ತರವನ್ನು ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿರುವುದರಿಂದ ಸಕಲೇಶಪುರದ ಛತ್ರಿಯ ವಿಷಯವನ್ನು ನಾನು ಎತ್ತುವುದಿಲ್ಲ, ನೀನೂ ಎತ್ತತಕ್ಕದ್ದಲ್ಲ.

ಈ ಲೋಕದಲ್ಲಿ ದೊಡ್ಡ ಮನೆತನಗಳು, ಅಂದರೆ ಪ್ರಕಾಶನ ಸಂಸ್ಥೆಗಳು, ಎರಡು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಡಿಸಿ ಮನೆಯವರು. ಸ್ಪೈಡರ್‌ಮ್ಯಾನ್, ಹಲ್ಕ್, ಕ್ಯಾಪ್ಟನ್ ಅಮೆರಿಕಾ, ಎಕ್ಸ್-ಮೆನ್ ಮಾರ್ವೆಲ್ ಮನೆಯವರು. ಡಿಸಿಯ ಮುಖ್ಯ ವೀರರು ಮೆಟ್ರೊಪೊಲಿಸ್, ಗಾಥಮ್ ಎಂಬ ಕಲ್ಪಿತ ನಗರಗಳಲ್ಲಿ ವಾಸಿಸಿದರೆ, ಮಾರ್ವೆಲ್‌ನವರಲ್ಲಿ ಹೆಚ್ಚಿನವರು ನಿಜವಾದ ನ್ಯೂಯಾರ್ಕ್‌ನಲ್ಲೇ ಇರುತ್ತಾರೆ, ಬಾಡಿಗೆಗೆ ಪರದಾಡುತ್ತಾರೆ, ನೆಗಡಿ ಹಿಡಿಸಿಕೊಳ್ಳುತ್ತಾರೆ. ಯಾವ ಮನೆ ಮೇಲು ಎಂಬ ವಾದ ಎಂದಿಗೂ ಮುಗಿಯುವಂಥದ್ದಲ್ಲ. ನಾನು ಮಾರ್ವೆಲ್ ಪಕ್ಷದವನು.

ಆದರೂ ಸೂಪರ್‌ಮ್ಯಾನ್‌ನನ್ನು ದಾಟಿ ಹೋಗುವಂತಿಲ್ಲ. 1938ರ ಜೂನ್ ತಿಂಗಳ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯಲ್ಲಿ ಅವನು ಕಾರನ್ನು ಎತ್ತಿ ಹಿಡಿದ ದಿನದಿಂದಲೇ ಈ ಸೂಪರ್‌ಹೀರೊ ಕಥಾಪ್ರಕಾರ ಹುಟ್ಟಿತೆನ್ನಬಹುದು. ಅವನನ್ನು ಸೃಷ್ಟಿಸಿದವರು ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಯುವಕರು, ಬರೆದವನು ಜೆರ್ರಿ ಸೀಗಲ್, ಚಿತ್ರ ಬಿಡಿಸಿದವನು ಜೋ ಶುಸ್ಟರ್. ಸಕಲ ಹಕ್ಕುಗಳನ್ನೂ ಬರೆದುಕೊಟ್ಟಿದ್ದಕ್ಕೆ ಇಬ್ಬರಿಗೂ ಸೇರಿ ಸಿಕ್ಕಿದ್ದು 130 ಡಾಲರ್. ಸೀಗಲ್‌ನ ತಂದೆಗೆ ಬಟ್ಟೆ ಅಂಗಡಿಯಿತ್ತು. 1932ರಲ್ಲಿ ಆ ಅಂಗಡಿಯಲ್ಲಿ ನಡೆದ ಕಳ್ಳತನದ ಹೊತ್ತಿನಲ್ಲೇ ಅವರು ಕುಸಿದು ತೀರಿಕೊಂಡರು. ಗುಂಡು ತಾಗಿದರೂ ಏನೂ ಆಗದ ವೀರನೊಬ್ಬನನ್ನು ಮಗ ಮುಂದೆ ಕಲ್ಪಿಸಿಕೊಂಡ. ಅದಕ್ಕೂ ಇದಕ್ಕೂ ಸಂಬಂಧ ಇದ್ದೇ ಇದೆಯೆಂದು ಸಾಧಿಸಲು ನಾನು ಹೋಗುವುದಿಲ್ಲ, ಆದರೆ ಇದನ್ನು ಓದಿದಂದಿನಿಂದ ಸೂಪರ್‌ಮ್ಯಾನ್‌ನ ಎದೆಯ ಮೇಲೆ ಗುಂಡುಗಳು ಪುಟಿಯುವ ಚಿತ್ರವನ್ನು ಮೊದಲಿನ ಹುಡುಗಾಟದಿಂದ ನೋಡಲು ನನಗೆ ಸಾಧ್ಯವಾಗಿಲ್ಲ.

ನಿನ್ನ ಮಗಳಿಗಾಗಿ ಪಟ್ಟಿ ಬರೆಯುತ್ತ ಕುಳಿತಾಗಲೇ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಇವರಲ್ಲಿ ಬಹುತೇಕರು ತಬ್ಬಲಿಗಳು. ಸೂಪರ್‌ಮ್ಯಾನ್‌ನ ಹೆತ್ತವರು ಅವರ ಗ್ರಹದೊಂದಿಗೇ ಸಿಡಿದುಹೋದರು. ಆ ಮೊದಲ ಸಂಚಿಕೆಯಲ್ಲಂತೂ ಮಗು ಬೆಳೆಯುವುದೇ ಅನಾಥಾಶ್ರಮದಲ್ಲಿ. 1939ರಲ್ಲಿ ಬಂದ ಬ್ಯಾಟ್‌ಮ್ಯಾನ್‌ನ ತಂದೆತಾಯಿ ಮಗನ ಕಣ್ಣೆದುರಿಗೇ ಬೀದಿಯಲ್ಲಿ ಕೊಲೆಯಾದರು. ವಂಡರ್ ವುಮನ್‌ಗೆ ತಾಯಿ ಇದ್ದಾಳೆ, ಆದರೆ ಕಥೆ ಶುರುವಾಗಬೇಕಾದರೆ ಅವಳು ತಾಯಿಯನ್ನು ದ್ವೀಪದಲ್ಲಿ ಬಿಟ್ಟು ಹೊರಡಲೇಬೇಕು. ಎಕ್ಸ್-ಮೆನ್ ಮಕ್ಕಳದು ವಸತಿಶಾಲೆಯ ಬದುಕು. ನಮ್ಮ ತಲೆಮಾರಿಗೆ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೇ ಪರಿಚಯಿಸಿದ, 1936ರಷ್ಟು ಹಿಂದೆಯೇ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಈ ಎರಡು ಮನೆಗಳಿಗೂ ಹೊರಗಿನವನು. ಅಪ್ಪ ಸತ್ತ ಮೇಲೆ ಅನುಕಂಪದ ಆಧಾರದ ಮೇಲೆ ಅದೇ ಹುದ್ದೆಗೆ ಸೇರಿದ ನೌಕರನಂತೆ ಅದೇ ಮುಖವಾಡ, ಅದೇ ಗುಹೆ, ಇವನು ಇಪ್ಪತ್ತೊಂದನೆಯವನು. ಅಲ್ಲಿಯೂ ಅಪ್ಪ ಹೋಗದೆ ಮಗನಿಗೆ ಮುಖವಾಡವಿಲ್ಲ.

ನನ್ನ ಅಪ್ಪ ಕಂಡಕ್ಟರ್ ಆಗಿದ್ದದ್ದು ನಿನಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಹಾಸನ–ಬೇಲೂರು–ಹಳೇಬೀಡು ಮಾರ್ಗದಲ್ಲಿ ಪ್ರವಾಸಿಗರು ಸೀಟಿನ ಮೇಲೆ ಮರೆತು ಹೋದ ಕಾಮಿಕ್ಸ್‌ಗಳನ್ನು, ಯಾರೂ ಹುಡುಕಿಕೊಂಡು ಬಾರದಿದ್ದರೆ, ಅವರು ಚರ್ಮದ ಚೀಲದ ಪಕ್ಕದಲ್ಲಿ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದರು. ರಕ್ಷಾಪುಟ ಹರಿದವು, ಕೊನೆಯ ಪುಟಗಳೇ ಇಲ್ಲದವು. ಎಷ್ಟೋ ಖಳರು ಸೋತದ್ದನ್ನು ನಾನು ನೌಕರಿಗೆ ಸೇರಿದ ಮೇಲೆ ಕೊಂಡು ಓದಿ ತಿಳಿದೆ. ಅಪ್ಪ ತಂದುಕೊಟ್ಟ ಆ ಪುಸ್ತಕಗಳಲ್ಲೇ ಅಪ್ಪನಿಲ್ಲದ ಹುಡುಗರನ್ನು ಕಂಡು ನಾನು ಅಸೂಯೆಪಡುತ್ತಿದ್ದೆ. ಎಲ್ಲಿಗೆ ಹೊರಟೆ ಎಂದು ಕೇಳುವವರಿಲ್ಲ, ಅಂಕಪಟ್ಟಿಗೆ ಸಹಿ ಹಾಕುವವರಿಲ್ಲ, ಆದ್ದರಿಂದಲೇ ಅವರಿಗೆ ಹಾರಲು ಬರುತ್ತದೆ ಎಂದು ಆಗ ನಾನು ದೃಢವಾಗಿ ನಂಬಿದ್ದೆ.

ಈ ನಿಯಮಕ್ಕೆ ಸಿಗದವನು ಪೀಟರ್ ಪಾರ್ಕರ್. ಅವನೂ ತಬ್ಬಲಿಯೇ, ಆದರೆ ಮನೆಯಲ್ಲಿ ದೊಡ್ಡಮ್ಮ ಇದ್ದಾರೆ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಈ ಸ್ಪೈಡರ್‌ಮ್ಯಾನ್, ತನಗೆ ಸಂಬಂಧವಿಲ್ಲವೆಂದು ಕಳ್ಳನೊಬ್ಬನನ್ನು ಓಡಿಹೋಗಲು ಬಿಟ್ಟ. ಅದೇ ಕಳ್ಳ ದೊಡ್ಡಪ್ಪ ಬೆನ್‌ನನ್ನು ಕೊಂದ. ಅಲ್ಲಿಂದ ಮುಂದೆ ನರೆಗೂದಲಿನ ದೊಡ್ಡಮ್ಮ ಮೇ ಇವನ ಪಾಲಿಗೆ ಬಂದರು. ಅವರಿಗೆ ಪದೇ ಪದೇ ಕಾಯಿಲೆ, ಆಸ್ಪತ್ರೆ, ಔಷಧಿಯ ಖರ್ಚು. ಹುಡುಗನಾಗಿದ್ದಾಗ ಆ ಪುಟಗಳು ಬಂದರೆ ನಾನು ಬೇಗ ಬೇಗ ತಿರುವಿಹಾಕುತ್ತಿದ್ದೆ.

ಈಗ ಓದಿಸಬೇಕಾದದ್ದು ಅವನ್ನೇ. ಅಮೇಜಿಂಗ್ ಸ್ಪೈಡರ್‌ಮ್ಯಾನ್ 33ನೇ ಸಂಚಿಕೆ, 1966ರ ಫೆಬ್ರವರಿಯದು. ಹಿಂದೊಮ್ಮೆ ದೊಡ್ಡಮ್ಮನನ್ನು ಉಳಿಸಲು ಪೀಟರ್ ಕೊಟ್ಟ ರಕ್ತವೇ, ಅದರಲ್ಲಿದ್ದ ವಿಕಿರಣದಿಂದಾಗಿ, ಈಗ ಅವರನ್ನು ಕೊಲ್ಲುತ್ತಿದೆ. ಔಷಧಿಯ ಡಬ್ಬಿ ಕಣ್ಣೆದುರಿಗೆ ನೆಲದ ಮೇಲಿದೆ, ಕೈಗೆ ಎಟುಕುವುದಿಲ್ಲ. ಇವನು ಬೆಟ್ಟದಂಥ ಯಂತ್ರದ ಅಡಿ ಸಿಕ್ಕಿಬಿದ್ದಿದ್ದಾನೆ. ಮೇಲಿನಿಂದ ನೀರು ಸೋರತೊಡಗಿದೆ. ಡಿಟ್ಕೊ ಅವಸರ ಮಾಡುವುದಿಲ್ಲ. ಚೌಕದಿಂದ ಚೌಕಕ್ಕೆ ಅದೇ ಬಾಗಿದ ಬೆನ್ನು, ಅದೇ ಭಾರ, ಪುಟಗಳು ಸರಿದರೂ ಅದು ಸರಿಯುವುದಿಲ್ಲ; ಕೊನೆಗೆ ಅವನು ಅದನ್ನು ಎತ್ತಿ ಎಸೆಯುವ ಚಿತ್ರ ಇಡೀ ಒಂದು ಪುಟವನ್ನು ತುಂಬುತ್ತದೆ. ಅವನು ಹಾಗೆ ಎದ್ದದ್ದು ಜಗತ್ತನ್ನು ಉಳಿಸುವುದಕ್ಕಲ್ಲ, ಒಂದು ಡಬ್ಬಿ ಔಷಧಿಯನ್ನು ಆಸ್ಪತ್ರೆಗೆ ತಲುಪಿಸುವುದಕ್ಕೆ.

ಅಪ್ಪನಿಗೆ ಈಗ ನೆನಪು ನಿಲ್ಲುತ್ತಿಲ್ಲ. ಇದನ್ನು ನಿನಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ನಡುರಾತ್ರಿ ಎದ್ದು ಮಂಚದ ಅಂಚಿಗೆ ಕುಳಿತು, ಟಿಕೆಟ್ ಲೆಕ್ಕ ಬರೆಯುವ ವೇಬಿಲ್ ಇನ್ನೂ ಮುಗಿದಿಲ್ಲವೆಂದು ಹೊದಿಕೆಯನ್ನು ಮಡಿಸಿ ಮಡಿಸಿ ಹುಡುಕುತ್ತಾರೆ. ನಾನು ಹತ್ತಿರ ಹೋದರೆ ‘ಎಲ್ಲಿಗೆ?’ ಎನ್ನುತ್ತಾರೆ. ‘ಬೇಲೂರು, ಒಂದು’ ಎಂದರೆ ಸಮಾಧಾನ. ಒಮ್ಮೊಮ್ಮೆ ಚಿಲ್ಲರೆ ಇಲ್ಲವೆಂದು ಗದರಿಸುವುದೂ ಉಂಟು, ಆಗ ಇಬ್ಬರಿಗೂ ನಗು ಬರುತ್ತದೆ. ನಗು ಬಾರದ ರಾತ್ರಿಗಳೂ ಇವೆ. ಅಂಥ ಒಂದು ರಾತ್ರಿ, ಅವರ ಪಂಚೆ ಬದಲಿಸಿ, ಹಾಸಿಗೆ ಒರೆಸಿ ನಿಂತಿದ್ದಾಗ, ಬ್ಯಾಟ್‌ಮ್ಯಾನ್‌ನ ಮೇಲಿದ್ದ ಆ ಬಾಲ್ಯದ ಅಸೂಯೆ ಸ್ಪಷ್ಟವಾಗಿ, ಪೂರ್ತಿಯಾಗಿ ನನ್ನೊಳಗೆ ಮತ್ತೆ ಎದ್ದಿತು. ಅದರ ಅರ್ಥವೇನೆಂದು ಬಿಡಿಸಿ ಬರೆಯಲಾರೆ, ನೀನು ಬುದ್ಧಿವಂತ. ಅದು ಒಂದು ಗಳಿಗೆ ಇದ್ದು ಹೋಯಿತು ಎಂದು ಬರೆಯಬಹುದಿತ್ತು. ಅಷ್ಟು ಬೇಗ ಹೋಗಲಿಲ್ಲ.

ಮಗಳಿಗೆ ಇದನ್ನು ಓದಿ ಹೇಳುವಾಗ ಮೇಲಿನ ಪ್ಯಾರಾವನ್ನು ಹಾರಿಸಿಬಿಡು, ಜಾಹೀರಾತಿನ ಪುಟವೆಂದುಕೋ. ಸಿನಿಮಾ ನೋಡಿ ಬೆಳೆದ ಹುಡುಗಿಗೆ ಈ ವಯಸ್ಸಾದವರ ಗೋಳು ಯಾಕೆ ಎಂದು ನೀನು ಕೇಳಬಹುದು, ಕೇಳು. ನನ್ನಂಥವನು ಸಲಹೆ ಕೊಟ್ಟರೆ ಹೀಗೇ ಆಗುವುದು: ಹಲ್ಕ್ ಬಗ್ಗೆ ಎರಡು ಮಾತು ಬರೆಯಬೇಕಾದವನು ಹಾಸಿಗೆಯ ಬಗ್ಗೆ ಬರೆಯುತ್ತಾನೆ. ಪೀಟರ್‌ಗೂ ನನಗೂ ಇರುವ ಹೋಲಿಕೆ ರಾತ್ರಿ ಎಚ್ಚರವಿದ್ದು ಹಗಲು ಕಚೇರಿಯಲ್ಲಿ ತೂಕಡಿಸುವಷ್ಟಕ್ಕೆ ಮುಗಿಯಿತು. ಅವನು ಗೋಡೆ ಹತ್ತುತ್ತಾನೆ, ನಾನು ಮಹಡಿಯ ಮೆಟ್ಟಿಲು ಹತ್ತಿ ಎರಡು ನಿಮಿಷ ಕಂಬ ಹಿಡಿದು ನಿಲ್ಲುತ್ತೇನೆ.

ಆದ್ದರಿಂದ ಲೀ–ಡಿಟ್ಕೊ ಜೋಡಿಯ ಸ್ಪೈಡರ್‌ಮ್ಯಾನ್ ಸಂಪುಟಗಳನ್ನು ಮೊದಲಿನಿಂದಲೇ ಓದಿಸು. 33ಕ್ಕೆ ಅವಳಾಗಿಯೇ ಬರಲಿ, ಮುಂಚಿತವಾಗಿ ಏನೂ ಹೇಳಬೇಡ. ನನ್ನಲ್ಲಿರುವ ಪ್ರತಿಯನ್ನು ಕಳುಹಿಸುತ್ತೇನೆ, ಆದರೆ ಪುಟದ ಮೂಲೆ ಮಡಿಸಕೂಡದು, ಊಟದ ಕೈಯಲ್ಲಿ ಮುಟ್ಟಕೂಡದು. ಈ ಷರತ್ತುಗಳು ಅವಳಿಗಲ್ಲ, ನಿನಗೆ. ಬ್ಯಾಟ್‌ಮ್ಯಾನ್‌ನೇ ಮೊದಲು ಬೇಕೆಂದು ಅವಳು ಅತ್ತರೆ ಸುಮ್ಮನೆ ಕೊಡಿಸಿಬಿಡು, ವಾದ ಮಾಡಿ ಗೆಲ್ಲುವ ವಯಸ್ಸು ನಿನ್ನದೂ ಅಲ್ಲ.

ಇಂತಿ,
ನಿನ್ನ ‘ಹಾಫ್ ಟಿಕೆಟ್’
ಹಾಸನ