ಮುಯ್ಯಾಳು ಬಂದ ಶನಿವಾರ

ಸೇಂಟ್ ಪಾಲ್, ಮಿನ್ನೆಸೋಟ
ನವೆಂಬರ್ 3, 2024, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನಿಗೆ ಮತ್ತು ಮಾತೃಶ್ರೀ ಆಯಿಗೆ, ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ.

ಪಾಡ್ಯದ ಬೆಳಿಗ್ಗೆ ನೀವು ತೋರಿಸಿದ ಗೋಪೂಜೆ ನಮಗೆ ಶುಕ್ರವಾರ ರಾತ್ರಿ ಮಲಗುವ ಹೊತ್ತಿಗೆ ಸಿಕ್ಕಿತು. ಗೌರಿಯ ಕೊರಳಲ್ಲಿ ಅಡಿಕೆ ಸರ, ಮೈಮೇಲೆ ಶೇಡಿ-ಕೆಮ್ಮಣ್ಣಿನ ಗುರುತು ನೋಡಿ ಕೂಸು ನಿದ್ದೆ ಬಿಟ್ಟು ಎದ್ದು ಕೂತಳು. ಮಾಣಿ ಕೇಳಿದ್ದು ಬೇರೆ: ಹಿಂದೆ ಕಾಣುತ್ತಿದ್ದ ಕೊಟ್ಟಿಗೆ ಮಾಡು ಯಾಕೆ ಅಷ್ಟು ಬಗ್ಗಿದೆ ಅಂತ. ಅವನು ಹೇಳಿದ ಮೇಲೆ ನಾನೂ ನೋಡಿದೆ. ಅದರ ಮಾತು ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಹೇಳಿದರೆ ಅಪ್ಪಯ್ಯ "ಆಯ್ತು ಆಯ್ತು, ನೋಡಣ" ಎಂದು ತೋಟಕ್ಕೆ ಇಳಿದುಬಿಡುತ್ತಾನೆ. ಅದಕ್ಕೇ ಕಾಗದ.

ಮೊದಲು ಈ ಎರಡು ದಿನದ ಸುದ್ದಿ. ಅಟ್ಟದ ಕೆಲಸ ಮುಗಿಯಿತು!

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ನೀರಿಳಿದಿದ್ದು ನಿಮಗೆ ಹೇಳಿದ್ದೆನಲ್ಲ. ಆ ವರ್ಷ ಇಲ್ಲಿ ಒಟ್ಟು 90 ಇಂಚು ಹಿಮ ಬಿದ್ದಿತ್ತು. ಅಪ್ಪಯ್ಯ, ನೀನು ಮಳೆ ಲೆಕ್ಕ ಡೈರಿಯಲ್ಲಿ ಬರೆಯುವವನು, ನಿನಗೆ ಲೆಕ್ಕ ಬೇಕು: ಸುಮಾರು 10 ಇಂಚು ಹಿಮ ಕರಗಿದರೆ 1 ಇಂಚು ನೀರು. ಅಂದರೆ ನಮ್ಮೂರಲ್ಲಿ ಆಷಾಢದ ಒಂದೆರಡು ದಿನದಲ್ಲಿ ಸುರಿದು ಹಳ್ಳ ಸೇರುವ ನೀರು ಇಲ್ಲಿ ತಿಂಗಳುಗಟ್ಟಲೆ ಮಾಡಿನ ಮೇಲೇ ಕೂತಿರುತ್ತದೆ. ಮನೆಯೊಳಗಿನ ಬಿಸಿ ಅಟ್ಟಕ್ಕೆ ಸೋರಿದರೆ ಮಾಡಿನ ನಡುಭಾಗದ ಹಿಮ ಅಡಿಯಿಂದ ಕರಗುತ್ತದೆ. ಆ ನೀರು ಇಳಿದು ಸೂರಿಗೆ ಬರುತ್ತದೆ. ಸೂರು ಗೋಡೆಯಿಂದ ಹೊರಗೆ ಚಾಚಿರುವುದರಿಂದ ಅಲ್ಲಿ ಬಿಸಿ ಇಲ್ಲ, ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ಮಂಜುಗಡ್ಡೆಯ ಒಡ್ಡು ಬೆಳೆದು, ಹಿಂದಿನಿಂದ ಬಂದ ನೀರು ಹೋಗಲು ದಾರಿಯಿಲ್ಲದೆ ಮಾಡಿನ ಹೊದಿಕೆಯ ಸಂದಿನಲ್ಲಿ ನುಗ್ಗಿ ಒಳಗೆ ಇಳಿಯುತ್ತದೆ. ಮೇಲೆ ನಿಂತು ಮಂಜುಗಡ್ಡೆ ಒಡೆದು ಪ್ರಯೋಜನವಿಲ್ಲ. ಬಿಸಿ ಅಟ್ಟಕ್ಕೆ ಹೋಗದಂತೆ ತಡೆಯಬೇಕು. ಹೋದ ವರ್ಷ ಚಳಿಗಾಲ ಬಂದಂತೆಯೇ ಇರಲಿಲ್ಲ, ಹಿಮ ಕಡಿಮೆ, ಹಾಗಾಗಿ ಮೂಲೆ ಒಣಗಿಯೇ ಇತ್ತು. ಈ ಗುರುವಾರ ಮಧ್ಯಾಹ್ನ ಒದ್ದೆ ಹಿಮ ಬಿದ್ದಾಗ ಇನ್ನು ತಡ ಮಾಡುವುದು ಬೇಡ ಅಂತ ನಿರ್ಧಾರವಾಯಿತು. ಪಕ್ಕದ ಮನೆ ಅಜ್ಜ ಅವತ್ತೇ 1991ರ ಕಥೆ ತೆಗೆದ. ಆ ವರ್ಷವೂ ಅಕ್ಟೋಬರ್ 31ಕ್ಕೇ ಶುರುವಾಗಿ ಒಂದೇ ಹೊಡೆತಕ್ಕೆ 28 ಇಂಚು ಬಿದ್ದಿತ್ತಂತೆ. ಇಲ್ಲಿನ ಹಿರಿಯರು ಅದನ್ನು ನಮ್ಮವರು ದೊಡ್ಡ ನೆರೆಯ ವರ್ಷ ಹೇಳಿದ ಹಾಗೆ ಹೇಳುತ್ತಾರೆ.

ಆಯಿ, ಪಾಡ್ಯದ ದಿನ ಮನೆ ಕೆಲಸ ಹಿಡಿದರಲ್ಲ ಎಂದು ನೀನು ಅಂದುಕೊಳ್ಳುತ್ತಿ. ನಾಲ್ಕು ಜನ ಒಟ್ಟಿಗೆ ಸಿಗುವುದು ಶನಿವಾರವೊಂದೇ. ಬೆಳಿಗ್ಗೆ ಎಣ್ಣೆ ನೀರು ಮಾಡಿ, ದೇವರಿಗೆ ದೀಪ ಹಚ್ಚಿಯೇ ಏಣಿ ತೆಗೆದದ್ದು.

ಎಂಟೂವರೆಗೆ ಹಾಸನದ ಕಡೆಯ ದಂಪತಿ ಬಂದರು, ಅವರ ಹಿಂದೆಯೇ ನನ್ನ ಧಾರವಾಡದ ಗೆಳತಿ. ಅಜ್ಜ ತನ್ನ ಉದ್ದದ ಏಣಿ ಹೊತ್ತುಕೊಂಡು ಬಂದ. ಎಪ್ಪತ್ತು ದಾಟಿದೆ ಅವನಿಗೆ, ಆದರೂ ಏಣಿ ಯಾರ ಕೈಗೂ ಕೊಡಲಿಲ್ಲ. ಹೋದ ತಿಂಗಳು ನಾವು ಹಾಸನದವರ ಮನೆಯ ಹಿತ್ತಿಲ ಜಗಲಿಯ ಹಲಗೆ ಬದಲಿಸಿ ಕೊಟ್ಟಿದ್ದೆವು. ಬೇಸಿಗೆಯಲ್ಲಿ ಗೆಳತಿಯ ಮನೆಗೆ ಬಣ್ಣ. ಅಜ್ಜನಿಗೆ ಚಳಿಗಾಲವಿಡೀ ಅಂಗಳದ ಹಿಮ ತೆಗೆಯುವುದು ಮಾಣಿ ಮತ್ತು ಇವರು. ಯಾರೂ ಲೆಕ್ಕ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ನೆನಪಿದೆ. ಅಪ್ಪಯ್ಯ, ಇದು ನಮ್ಮ ಮುಯ್ಯಾಳೇ. ಗದ್ದೆ ನಾಟಿಗೆ, ಹಂಚು ಕೈಯಾಡಿಸುವುದಕ್ಕೆ, ಚಪ್ಪರಕ್ಕೆ ನೀನು ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದೆ. ನಾನು ಫೋನಿನಲ್ಲಿ ಹೇಳಿದೆ, ಅಷ್ಟೇ ವ್ಯತ್ಯಾಸ. ಧಾರವಾಡದವಳಿಗೆ ಹೇಳಬೇಕಾಗಿಯೂ ಬರಲಿಲ್ಲ, ಅವಳೇ ಕೇಳಿ ಬಂದಳು.

ಅಟ್ಟಕ್ಕೆ ಹತ್ತಿದ್ದು ನಾನು. ತೂತು ಸಣ್ಣದು, ಒಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ನಮ್ಮಲ್ಲಿ ನಾನೇ ಚಿಕ್ಕ ಆಳು. ಇಲ್ಲಿನ ಮನೆಗಳಿಗೆ ಕಲ್ಲು ಗೋಡೆ ಇಲ್ಲ. ಮರದ ಚೌಕಟ್ಟು ಎಬ್ಬಿಸಿ, 16 ಇಂಚಿಗೊಂದು ನಿಲುವು ಕೊಟ್ಟು, ಒಳಗಿನಿಂದ ಅರ್ಧ ಇಂಚು ದಪ್ಪದ ಜಿಪ್ಸಮ್ ಹಲಗೆ ಹೊಡೆದಿರುತ್ತಾರೆ. ಮುಚ್ಚಿಗೆಯೂ ಅದೇ ಥರದ ಹಲಗೆ, ಕಾಲಿಟ್ಟರೆ ಕೆಳಗಿನ ಕೋಣೆಗೇ ಬೀಳಬೇಕು. ತೊಲೆಯಿಂದ ತೊಲೆಗೆ ಕಾಲಿಟ್ಟು ಬಗ್ಗಿ ಹೋಗುವಾಗ ನೀನು ಮಾಡಿನ ಮೇಲಿಂದ ಹೇಳುತ್ತಿದ್ದ ಮಾತೇ ಕಿವಿಯಲ್ಲಿತ್ತು: "ಪಕಾಸಿನ ಮೇಲೆ ಕಾಲಿಡು, ಹಂಚಿನ ಮೇಲಲ್ಲ." ಆ ಮಾತು ನೀನು ಹೇಳಿದ್ದು ತಮ್ಮನಿಗೆ. ನಾನು ಕೆಳಗೆ ನಿಂತು ಹಂಚು ಎತ್ತಿ ಕೊಡುತ್ತಿದ್ದೆ. ಕೇಳಿಸಿಕೊಂಡದ್ದು ಇಬ್ಬರೂ.

ಮೊದಲು ಸಂದು ಮುಚ್ಚುವ ಕೆಲಸ. ವಯರು, ಪೈಪು ಮೇಲೆ ಬರುವಲ್ಲೆಲ್ಲ ಸುತ್ತ ಬೆರಳು ತೂರುವಷ್ಟು ಜಾಗ ಇರುತ್ತದೆ, ಬಿಸಿಗಾಳಿ ಹೋಗುವುದು ಹೆಚ್ಚಾಗಿ ಅಲ್ಲಿಂದ. ಡಬ್ಬಿಯಿಂದ ನೊರೆ ಬಿಟ್ಟರೆ ಉಬ್ಬಿ ಗಟ್ಟಿಯಾಗುತ್ತದೆ. ಹೊಗೆಕೊಳವೆಯ ಸುತ್ತ ಮಾತ್ರ ನೊರೆ ಬಿಡಬಾರದು, ಅಲ್ಲಿ ತಗಡು ಕತ್ತರಿಸಿ ಕೂರಿಸಿ ಬೆಂಕಿ ತಡೆಯುವ ಅಂಟು ಹಚ್ಚಬೇಕು. ಅದನ್ನು ಅಜ್ಜ ಕೆಳಗೇ ಅಳತೆ ಮಾಡಿ ಕತ್ತರಿಸಿ ಮೇಲೆ ಕೊಟ್ಟ. ಎಷ್ಟು ಚೆನ್ನಾಗಿ ಕತ್ತರಿಸಿದ್ದ ಅಂದರೆ ಒಂದು ಕಡೆಯೂ ಉಜ್ಜಬೇಕಾಗಲಿಲ್ಲ. ಸೂರಿನ ಹತ್ತಿರ ಗಾಳಿ ಆಡಲು ದಾರಿ ಬಿಡುವುದಕ್ಕೂ ಒಂದು ತಟ್ಟಿ ಇದೆ, ಅದನ್ನು ಪಕಾಸಿನ ನಡುವೆ ಹೊಡೆದೆ.

ಆಮೇಲೆ ತುಂಬಿಸುವುದು. ಏನು ತುಂಬಿಸಿದೆವು ಗೊತ್ತಾ? ಹಳೆ ಪೇಪರು! ಹಳೆಯ ದಿನಪತ್ರಿಕೆಗಳನ್ನು ನಾರುನಾರಾಗಿ ಅರೆದು, ಬೆಂಕಿ ಹಿಡಿಯದಂತೆ, ಹುಳ ಬೀಳದಂತೆ ಬಿಳಿಗಾರದ ಜಾತಿಯ ಉಪ್ಪು ಸೇರಿಸಿ ಗಟ್ಟಿ ಮೂಟೆ ಕಟ್ಟಿ ಮಾರುತ್ತಾರೆ. ವರಲೆ ನಮ್ಮ ಮನೆಯ ಪುಸ್ತಕದ ಕಪಾಟು ತಿಂದಾಗ ಇದು ಗೊತ್ತಿದ್ದರೆ ಎಂದು ಅನ್ನಿಸಿತು. ಅಂಗಡಿಯವರು ಊದುವ ಯಂತ್ರವನ್ನೂ ಒಂದು ದಿನದ ಮಟ್ಟಿಗೆ ಕೊಡುತ್ತಾರೆ. ಹಾಸನದವರು ಅಂಗಳದಲ್ಲಿ ಮೂಟೆ ಒಡೆದು ಯಂತ್ರಕ್ಕೆ ಸುರಿಯುವುದು, ಇವರು ಏಣಿಯ ಮೇಲೆ ಪೈಪು ಹಿಡಿದು ನಿಲ್ಲುವುದು, ನಾನು ಒಳಗೆ ಮೂಲೆಯಿಂದ ಶುರುಮಾಡಿ ಹಿಂದಕ್ಕೆ ಸರಿಯುತ್ತ ಊದುವುದು. ಮೂಗಿಗೆ ಬಾಯಿಗೆ ಕಟ್ಟಿಕೊಂಡಿದ್ದೆ, ಗಾಬರಿಯಾಗಬೇಡ ಆಯಿ. 14 ಇಂಚು ದಪ್ಪ ಬರಬೇಕು. ಮಾಣಿ ಸ್ಕೇಲಿನ ಹಾಗೆ ಗುರುತು ಮಾಡಿದ ರಟ್ಟಿನ ಪಟ್ಟಿಗಳನ್ನು ಮೊದಲೇ ತೊಲೆಗಳಿಗೆ ಹೊಡೆಸಿಕೊಟ್ಟಿದ್ದ. ಕೂಗಿದರೆ ಯಂತ್ರದ ಸದ್ದಿಗೆ ಯಾರಿಗೂ ಕೇಳುವುದಿಲ್ಲ, ಅದಕ್ಕೆ ಅಟ್ಟದ ಬಾಯಿಂದ ಅಂಗಳದವರೆಗೆ ಕೂಸನ್ನೂ ಧಾರವಾಡದವಳನ್ನೂ ನಿಲ್ಲಿಸಿದೆವು. ನಾನು ಬ್ಯಾಟರಿ ಆರಿಸಿದರೆ ಕೂಸು ಕೈ ಎತ್ತಬೇಕು, ಯಂತ್ರ ನಿಲ್ಲಬೇಕು. ಏಳು ವರ್ಷದ ಮಗು, ಮಧ್ಯಾಹ್ನದವರೆಗೂ ಆಚೀಚೆ ನೋಡಲಿಲ್ಲ.

ಕೆಲಸಕ್ಕೆ ಬಂದವರಿಗೆ ಊಟ ಸರಿಯಾಗಿ ಆಗಬೇಕು ಎನ್ನುವುದು ಆಯಿ ನಿನ್ನ ಕಟ್ಟಳೆ. ನಾನು ಅಟ್ಟದಲ್ಲಿರುವಾಗ ಒಲೆ ನೋಡಿಕೊಂಡದ್ದು ಹಾಸನದ ಅಕ್ಕ. ಅರೆದದ್ದು, ಹೆಚ್ಚಿದ್ದೆಲ್ಲ ನಾನು ಹಿಂದಿನ ರಾತ್ರಿ ಮಾಡಿಟ್ಟಿದ್ದೆ. ಕುಂಬಳಕಾಯಿ ಹುಳಿ, ಒಂದೆಲಗದ ತಂಬುಳಿ, ಮಾವಿನಕಾಯಿ ಅಪ್ಪೆಹುಳಿ, ಹಲಸಿನ ಹಪ್ಪಳ (ನೀನು ಕಳಿಸಿದ್ದರಲ್ಲಿ ಇನ್ನು ಸ್ವಲ್ಪವೇ ಉಳಿದಿದೆ), ಮತ್ತೆ ಕಡುಬು. ಒಂದೆಲಗ ಎಲ್ಲಿ ಸಿಕ್ಕಿತು ಅಂತ ಕೇಳುತ್ತಿ. ಈ ಊರಲ್ಲಿ ಮೊಂಗ್ ಜನ ಬಹಳ ಇದ್ದಾರೆ. ಲಾವೋಸಿನ ಗುಡ್ಡಗಾಡಿನವರು, 1975ರಲ್ಲಿ ಅಲ್ಲಿ ಯುದ್ಧ ಮುಗಿದ ಮೇಲೆ ನಿರಾಶ್ರಿತರಾಗಿ ಬಂದು ನೆಲೆ ನಿಂತವರು. ಅವರ ಮಾರುಕಟ್ಟೆಗೆ ಹೋದರೆ ಹಾಗಲಕಾಯಿ, ಮಜ್ಜಿಗೆ ಹುಲ್ಲು, ಬೇಸಿಗೆಯಲ್ಲಿ ಕುಂಬಳದ ಚಿಗುರು, ಎಲ್ಲ ಇದೆ. ಅಲ್ಲಿನ ಒಬ್ಬ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಅವಳ ಮಾತು ಬರುವುದಿಲ್ಲ. ಆದರೂ ನಾನು ಸೊಪ್ಪು ಮೂಸುವುದನ್ನು ನೋಡಿದರೆ ಸಾಕು, ಒಳಗಿನಿಂದ ಎಳೆಯ ಕಟ್ಟು ತಂದು ಕೊಡುತ್ತಾಳೆ.

ಕಡುಬಿಗೆ ಮೊಗೆಕಾಯಿ ಇಲ್ಲ, ಸಿಹಿಗುಂಬಳವನ್ನೇ ತುರಿದೆ. ಅಂಗಳದಲ್ಲಿ ಅಲಂಕಾರಕ್ಕೆ ಇಡುವ ದೊಡ್ಡ ಕಾಯಿ ಬರೀ ನೀರು, ರುಚಿಯಿಲ್ಲ. ಸಣ್ಣ ಜಾತಿಯದೇ ಬೇಕು. ತುರಿ ನೀರು ಬಿಡುವುದರಿಂದ ಬೆಲ್ಲ ಹಾಕಿದ ಮೇಲೆ ಬೇರೆ ನೀರು ಬೇಡ, ಅಕ್ಕಿ ತರಿ ಅದರಲ್ಲೇ ನೆನೆಯಿತು. ಕಾಯಿತುರಿ, ಏಲಕ್ಕಿ, ಹೆಪ್ಪುಗಟ್ಟಿಸಿದ ಬಾಳೆ ಎಲೆಯಲ್ಲಿ ಮಡಿಸಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆ. ಅರಿಶಿನ ಎಲೆಯ ಪರಿಮಳ ಮಾತ್ರ ಇಲ್ಲ. ಆದರೂ ಎಲೆ ಬಿಚ್ಚಿದ ಕೂಡಲೆ ತುಪ್ಪ ಹಾಕಿಕೊಂಡು ಹಾಸನದವರು ಮೂರು ತಿಂದರು. ಅವರಿಗೆ ಕಡುಬು ಅಂದರೆ ಬೇರೆ ಥರದ್ದಂತೆ, ಇದು ಮೊದಲ ಸಲ. ಅಜ್ಜನ ಹೆಂಡತಿ ಲೆಫ್ಸೆ ತಂದಿದ್ದರು. ಅವರ ಹಿರಿಯರು ನಾರ್ವೆಯವರು. ಬೇಯಿಸಿದ ಆಲೂಗಡ್ಡೆಗೆ ಹಿಟ್ಟು ಬೆರೆಸಿ ಗೆರೆಗೆರೆ ಇರುವ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ, ದೊಡ್ಡ ಕಾವಲಿಯ ಮೇಲೆ ಉದ್ದ ಕೋಲಿನಲ್ಲಿ ಮಗುಚುತ್ತಾರೆ. ಬೆಣ್ಣೆ ಸಕ್ಕರೆ ಸವರಿ ಸುತ್ತಿ ತಿನ್ನುವುದು. ನೀನಿದ್ದರೆ ಆ ಕೋಲು ನೋಡಿ ಬಿಡುತ್ತಿರಲಿಲ್ಲ. ಅವರಿಬ್ಬರೂ ನಮ್ಮ ಸಂಗಡ ನೆಲಕ್ಕೇ ಕೂತು ಉಂಡರು. ಏಳುವಾಗ ಅಜ್ಜನಿಗೆ ಮಾಣಿ ಹೆಗಲು ಕೊಟ್ಟ.

ಸಂಜೆ ಮೆಟ್ಟಿಲ ಮೇಲೆ, ಅಟ್ಟದ ಏಣಿಯ ಬುಡದಲ್ಲಿ ಕೂಡ ದೀಪ ಇಟ್ಟೆವು.

ಇವತ್ತು ಸಣ್ಣ ಕೆಲಸಗಳು. ಸೂರಿನ ದೋಣಿಯಿಂದ ಮೇಪಲ್ ಎಲೆ ತೆಗೆದದ್ದು, ಹೊರಗಿನ ನಲ್ಲಿಗೆ ಒಳಗಿನಿಂದ ನೀರು ನಿಲ್ಲಿಸಿ ಪೈಪು ಬರಿದು ಮಾಡಿದ್ದು (ನೀರು ಗಡ್ಡೆಯಾದರೆ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಪೈಪು ಸೀಳುತ್ತದೆ), ಉತ್ತರದ ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು. ಹಾಳೆಗೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರೆ ಸುಕ್ಕೆಲ್ಲ ಹೋಗಿ ಬಿಗಿಯುತ್ತದೆ. ಮಕ್ಕಳಿಬ್ಬರೂ ಮಾಡಿದರು. ನಮ್ಮ ಜಡಿತಟ್ಟಿಯ ವಿಷಯ ಹೇಳಿದೆ, ಸೋಗೆ ಕಟ್ಟಿದ ಮೇಲೆ ಜಗಲಿಯೆಲ್ಲ ಮಬ್ಬಾಗಿ, ಹೊರಗೆ ಮಳೆ ಹೊಡೆಯುವ ಸದ್ದು ಮಾತ್ರ ಕೇಳುವುದು. ಕೂಸಿಗೆ ಅದನ್ನು ನೋಡಲೇಬೇಕಂತೆ.

ಈಗ ಕೊಟ್ಟಿಗೆ ಮಾತು. ಅಪ್ಪಯ್ಯ, ಹೋದ ಸಲ ನೀನು ಹೇಳಿದೆ, ಮುಯ್ಯಾಳು ಕರೆಯಲು ಊರಲ್ಲಿ ಯಾರಿದ್ದಾರೆ, ಇರುವವರೆಲ್ಲ ನನ್ನ ವಯಸ್ಸಿನವರೇ, ನಿಧಾನ ನಾನೇ ಮಾಡಿಕೊಳ್ಳುತ್ತೇನೆ ಅಂತ. ಆ ಮಾತು ನನ್ನನ್ನು ಬಿಟ್ಟಿಲ್ಲ. ಊರಿನಿಂದ ಹೋದ ಕೈಗಳಲ್ಲಿ ನನ್ನವೂ ಎರಡು. ಇಲ್ಲಿ ನನ್ನ ಮನೆಗೆ ನಾಲ್ಕು ಮನೆಯ ಕೈ ಸೇರುವಾಗ ನೀನು ಅಲ್ಲಿ ಒಬ್ಬನೇ ಪಕಾಸಿನ ಮೇಲೆ ನಿಲ್ಲುವುದು ನನಗೆ ಸಹಿಸುವುದಿಲ್ಲ.

ಅದಕ್ಕೆ ನಾನು ಬರುತ್ತೇನೆ. ಮೇ ಮೊದಲ ವಾರ, ಮಳೆ ಹಿಡಿಯುವ ಮೊದಲು. ಮಕ್ಕಳಿಗೆ ಜೂನ್‌ವರೆಗೆ ಶಾಲೆ ಇರುವುದರಿಂದ ಅವರೂ ಇವರೂ ಆಮೇಲೆ ಬರಲಿ. ಇವರೇ ಹೇಳಿದ್ದು, "ನೀನು ಮೊದಲು ಹೋಗು" ಎಂದು. ತಮ್ಮನಿಗೆ ಬೆಂಗಳೂರಿನಿಂದ ಒಂದು ವಾರ ಬರಲು ಹೇಳಿದ್ದೇನೆ, ಒಪ್ಪಿದ್ದಾನೆ. ಕೊನೆಗೌಡನನ್ನೂ ಅವನ ಮಗನನ್ನೂ ಸಂಬಳ ಕೊಟ್ಟೇ ಕರೆಯೋಣ. ಕೊಯ್ಲಿಗೆ ಬಂದಾಗ ಈಗಲೇ ಒಂದು ಮಾತು ಹೇಳಿಟ್ಟಿರು. ಮೇಲಿನ ಮನೆಯ ಭಾವನಿಗೂ ಹೇಳು. ಅವರ ಮಾಡಿಗೂ ನಾವು ಹೋಗುತ್ತೇವೆ ಎಂದು ಹೇಳು, ಆಗ ಸಂಕೋಚವಿಲ್ಲದೆ ಬರುತ್ತಾರೆ. ಅಲ್ಲಿಯವರೆಗೆ ಯಾವ ಪಕಾಸು ಎಷ್ಟು ಉದ್ದ, ಎಷ್ಟು ರೀಪು ಕುಂಬಾಗಿದೆ, ಒಡೆದ ಹಂಚು ಎಷ್ಟು, ಇದಿಷ್ಟು ಕೆಳಗೆ ನಿಂತು ಲೆಕ್ಕ ಹಾಕಿ ಬರೆದಿಡು. ಕೆಳಗೆ ನಿಂತು, ಅಪ್ಪಯ್ಯ. ಈ ಸಲ ಹಂಚು ಎತ್ತಿ ಕೊಡುವವನು ನೀನು, ಮೇಲಿರುವವಳು ನಾನು.

ಆಯಿ, ಬಂದವರ ಊಟದ ಚಿಂತೆ ನಿನಗೊಬ್ಬಳಿಗೇ ಬಿಡುವುದಿಲ್ಲ. ಮಿಡಿ ಉಪ್ಪಿನಕಾಯಿ ಹೊಸತು ಹಾಕುವ ಹೊತ್ತೂ ಅದೇ, ಜೊತೆಯಲ್ಲಿ ಹಾಕೋಣ.

ಇನ್ನೊಂದು. ಇಲ್ಲಿ ನಿನ್ನೆ ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಹೊಗೆ ಬಂದರೆ ಕೂಗುವ ಗಂಟೆಗಳ ಬ್ಯಾಟರಿಯನ್ನು ಜನ ಇದೇ ದಿನ ಬದಲಿಸುತ್ತಾರೆ, ನಾವೂ ಬದಲಿಸಿದೆವು. ಇನ್ನು ಮಾರ್ಚ್‌ವರೆಗೆ ನಮಗೂ ನಿಮಗೂ ಹನ್ನೊಂದೂವರೆ ಗಂಟೆ ಅಂತರ. ಬೆಳಿಗ್ಗೆ ಏಳಕ್ಕೆ ನೀವು ಫೋನ್ ಮಾಡಿದರೆ ನಮಗೆ ಹಿಂದಿನ ಸಂಜೆ ಏಳೂವರೆ, ಮಕ್ಕಳು ಊಟಕ್ಕೆ ಕೂತಿರುತ್ತಾರೆ. ಹಾಲು ಕರೆದು ಬಂದ ಕೂಡಲೆ ಮಾಡಿ.

ಗೌರಿಯ ಕರುವಿಗೆ ಹೆಸರಿಟ್ಟರೆ ಕೂಸಿಗೆ ಮೊದಲು ತಿಳಿಸಬೇಕಂತೆ. ಮಾಣಿಯ ನಮಸ್ಕಾರ, ಇವರ ನಮಸ್ಕಾರ.

ಇಂತಿ ನಿಮ್ಮ ಪ್ರೀತಿಯ ಮಗಳು