ಅಮ್ಮನ ಹೃದಯದ ಗಡ್ಡೆ ಮತ್ತು ನಿಮಗೆಲ್ಲ ಹೇಳಬೇಕಾದ ಥ್ಯಾಂಕ್ಸ್

ಅಮ್ಮ ಮನೆಗೆ ಬಂದರು. ಬಯಾಪ್ಸಿ ರಿಪೋರ್ಟೂ ಬಂತು: ಮಿಕ್ಸೋಮಾ ಅನ್ನೋ ಹೃದಯದ ಗಡ್ಡೆ, ಕ್ಯಾನ್ಸರ್ ಅಲ್ಲ. ಫೋನ್ ಮಾಡಿದ ಎಷ್ಟೋ ಜನಕ್ಕೆ ಸರಿಯಾಗಿ ಮಾತಾಡೋಕೂ ಆಗಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿದರೆ, ಹೃದಯದ ಎಡಗಡೆ ಮೇಲಿನ ಕೋಣೆಯಲ್ಲಿ ಏನೋ ಓಲಾಡುತ್ತಿತ್ತು. ಹೆಪ್ಪುಗಟ್ಟಿದ ರಕ್ತವೋ ಗಡ್ಡೆಯೋ, ಎಕೋದಲ್ಲಿ ಖಚಿತವಾಗಲಿಲ್ಲ, ಅದಕ್ಕೇ ಎಂಆರ್‌ಐ ಸ್ಕ್ಯಾನ್ ಮಾಡಿಸಬೇಕಾಯಿತು. ಹೆಪ್ಪಾದರೆ ರಕ್ತ ತೆಳು ಮಾಡುವ ಮಾತ್ರೆ, ಗಡ್ಡೆಯಾದರೆ ಆಪರೇಷನ್. ಮನೆಯಲ್ಲಿ ಯಾರಿಗೂ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಎಂಆರ್‌ಐ ವಿಭಾಗದ ಸಿಸ್ಟರ್, ನಿಮ್ಮನ್ನು ಮರೆಯೋಕಾಗಲ್ಲ. ಲೋಹ ಒಳಗೆ ಒಯ್ಯುವ ಹಾಗಿಲ್ಲ ಅಂದಾಗ ಬಳೆ, ಓಲೆ ಬಿಚ್ಚಿಟ್ಟ ಅಮ್ಮ ತಾಳಿ ತೆಗೆಯಲು ಮಾತ್ರ ಒಪ್ಪಲಿಲ್ಲ. ನೀವು ಗದರಲಿಲ್ಲ. ಡ್ರಾಯರ್‌ನಿಂದ ಅರಿಶಿನ ಕೊಂಬು ಕಟ್ಟಿದ ದಾರ ತೆಗೆದು, ಮೊದಲು ಅದನ್ನು ಅವರ ಕೊರಳಿಗೆ ಕಟ್ಟಿ, ಆಮೇಲೆ ತಾಳಿ ಬಿಚ್ಚಿಸಿದಿರಿ. ಇಂಥವರಿಗೆ ಅಂತಲೇ ಇಟ್ಟಿರುತ್ತೀರಂತೆ!

ಟೆಕ್ನಿಷಿಯನ್ ಅಣ್ಣ, ಬಡಿಯುವ ಹೃದಯದ ಚಿತ್ರ ಮಸುಕಾಗಬಾರದು ಅಂತ ಮತ್ತೆ ಮತ್ತೆ ಉಸಿರು ಹಿಡಿಯಬೇಕಿತ್ತು. ಅಂಗಾತ ಮಲಗಿದರೇ ಉಬ್ಬಸ ಬರುವ ಹೆಂಗಸಿಗೆ ಅದು ಸುಲಭವಲ್ಲ. "ಎಳ್ಕೊಳ್ಳಿ ಅಮ್ಮಾ, ಬಿಡಿ, ಈಗ ಹಾಗೇ ಹಿಡ್ಕೊಳ್ಳಿ" ಅಂತ ಮೈಕಿನಲ್ಲಿ ಕನ್ನಡದಲ್ಲೇ ಹೇಳುತ್ತಾ, ನಡುನಡುವೆ ಸುಧಾರಿಸಿಕೊಳ್ಳಲು ಬಿಟ್ಟು, ಒಂದು ಗಂಟೆಗೂ ಜಾಸ್ತಿ ಜೊತೆಗಿದ್ದಿರಿ.

ರೇಡಿಯಾಲಜಿ ಡಾಕ್ಟರ್ ನನ್ನನ್ನೂ ಸ್ಕ್ರೀನ್ ಮುಂದೆ ಕೂರಿಸಿ ತೋರಿಸಿದರು. ರಕ್ತ ಹರಿಯುವ ಕಡೆ ಚಿತ್ರದಲ್ಲಿ ಬೆಳ್ಳಗೆ ಕಾಣಿಸುವ ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಟ್ಟ ಮೇಲೂ ರಕ್ತದ ಹೆಪ್ಪು ಸಾಮಾನ್ಯವಾಗಿ ಕಪ್ಪಾಗೇ ಇರುತ್ತದಂತೆ, ಅದರೊಳಗೆ ರಕ್ತ ಓಡಾಡುವುದಿಲ್ಲವಲ್ಲ. ಅಮ್ಮನದು ಅಲ್ಲಲ್ಲಿ ಬೆಳ್ಳಗಾಗಿತ್ತು, ಅಂದರೆ ಗಡ್ಡೆಯೇ. ಬದನೆಕಾಯಿ ತೊಟ್ಟಿನ ಹಾಗೆ ಒಂದು ತೊಟ್ಟು, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ಅಂಟಿತ್ತು. ಮಿಕ್ಸೋಮಾಗಳಲ್ಲಿ ಸುಮಾರು ಶೇ 75ರಷ್ಟು ಈ ಎಡಗಡೆ ಕೋಣೆಯಲ್ಲೇ ಬೆಳೆಯುವುದಂತೆ. ಚೂರು ಕಿತ್ತು ಮಿದುಳಿಗೆ ಹೋದರೆ ಪಾರ್ಶ್ವವಾಯು ಹೊಡೆಯಬಹುದು, ತಡ ಬೇಡ ಅಂದರು. ಎದುರಿಗಿರುವುದು ಏನು ಅಂತ ಗೊತ್ತಾದ ಮೇಲೆ ನನಗೆ ಅರ್ಧ ಧೈರ್ಯ ಬಂತು, ನಿಜವಾಗಲೂ.

ಸರ್ಜನ್ ಮತ್ತು ತಂಡದವರು ತೊಟ್ಟು ಅಂಟಿದ್ದ ಗೋಡೆಯ ಭಾಗವನ್ನೂ ಸೇರಿಸಿ ಗಡ್ಡೆ ತೆಗೆದು, ಅಲ್ಲಿಗೆ ತೇಪೆ ಹಾಕಿದರು. ನಿಮಗೆ ಕೈಮುಗಿಯುತ್ತೇನೆ. ದಿನಾ ಗಂಜಿ ತಂದ ಪಕ್ಕದ್ಮನೆ ಆಂಟಿ, ರಜೆ ಹಾಕಿ ಬಂದು ರಕ್ತ ಕೊಟ್ಟ ಹುಡುಗರು, ನೀವಿಲ್ಲದಿದ್ದರೆ ಏನು ಮಾಡುತ್ತಿದ್ದೆವೋ.

ಗಡ್ಡೆ ಮತ್ತೆ ಬರುವುದು ಅಪರೂಪವಂತೆ, ಆದರೂ ಆಗಾಗ ಎಕೋ ಮಾಡಿಸುತ್ತಿರಬೇಕು. ರಕ್ತ ಕೊಟ್ಟವರೆಲ್ಲ ಒಂದು ಭಾನುವಾರ ಊಟಕ್ಕೆ ಬರಲೇಬೇಕು ಅಂತ ಅಮ್ಮ ಹೇಳಿದ್ದಾರೆ. ಅಡುಗೆ ನನ್ನದು, ಅವರಿಗೆ ಇನ್ನೂ ಭಾರ ಎತ್ತುವ ಹಾಗಿಲ್ಲ.