ಪಾರ್ಶ್ವವಾಯುವಿನ ಬಳಿಕ ಕೈಯ ಸ್ಪರ್ಶಜ್ಞಾನ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಕುಂಬಳೆ, ಬದಿಯಡ್ಕ ಕಡೆಯ ನಮ್ಮ ಮನೆಗಳಲ್ಲಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಕೆಲವರು ಕೈಯನ್ನು ಎತ್ತಬಲ್ಲರಾದರೂ, ಹಿಡಿದ ಲೋಟ ಜಾರಿದ್ದು ಅವರ ಅರಿವಿಗೇ ಬರುವುದಿಲ್ಲ. ಇದು ಬರೀ ಬಲದ ಕೊರತೆಯಲ್ಲ. ಸ್ಪರ್ಶವನ್ನು ಗ್ರಹಿಸುವ ಮಿದುಳಿನ ಭಾಗಕ್ಕೆ ಪೆಟ್ಟಾದಾಗ ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದೇ ತಿಳಿಯದಾಗುತ್ತದೆ.

ನನ್ನ ತಾಯಿಯವರಿಗೆ ನಾವು ದಿನವೂ ಮಾಡಿಸುವ ಅಭ್ಯಾಸವನ್ನು ಹೇಳುತ್ತೇನೆ. ಸಿಪ್ಪೆಯಿರುವ ಅಡಿಕೆ, ಸುಲಿದ ಅಡಿಕೆ, ತೆಂಗಿನ ನಾರು, ಹತ್ತಿ ಇವನ್ನು ಮೊದಲು ಕಣ್ಣಿನಿಂದ ನೋಡುತ್ತ ಎರಡೂ ಕೈಗಳಿಂದ ಮುಟ್ಟಿಸಿ, ಬಳಿಕ ಕಣ್ಣು ಮುಚ್ಚಿಸಿ ದುರ್ಬಲ ಕೈಗೆ ಒಂದೊಂದಾಗಿ ಕೊಟ್ಟು ಗುರುತಿಸಲು ಹೇಳುತ್ತೇವೆ; ತಪ್ಪಿದರೆ ಕಣ್ಣು ತೆರೆದು ಮತ್ತೆ ಸವರುತ್ತಾರೆ. ಮೊನ್ನೆ ಹೆಬ್ಬೆರಳಿನಿಂದ ಮೆಲ್ಲನೆ ಉಜ್ಜಿ "ಇದು ನಾರು" ಎಂದಾಗ ನನಗೆ ಮಾತೇ ಹೊರಡಲಿಲ್ಲ.

ಸರಿಯಿರುವ ಕೈಗೆ ಗವಸು ತೊಡಿಸಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ಕ್ರಮವೂ ಇದೆ. ಅಮೆರಿಕದಲ್ಲಿ 222 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ವಾರಗಳ ಇಂಥ ತರಬೇತಿಯ ಪ್ರಯೋಜನ ಒಂದು ವರ್ಷದ ಬಳಿಕವೂ ಉಳಿದಿತ್ತು. ಆದರೆ ಮಣಿಕಟ್ಟು ಮತ್ತು ಬೆರಳುಗಳನ್ನು ಅಲ್ಪಸ್ವಲ್ಪವಾದರೂ ಬಿಡಿಸಬಲ್ಲವರಿಗೆ ಮಾತ್ರ ಇದು ಹೊಂದುತ್ತದೆಯಾದ್ದರಿಂದ, ಫಿಸಿಯೋಥೆರಪಿಸ್ಟರನ್ನು ಕೇಳದೆ ಯಾರೂ ಆರಂಭಿಸಬಾರದೆಂದು ವಿನಂತಿ.

ಸ್ಪರ್ಶವಿಲ್ಲದ ಕೈಗೆ ಸುಡುವುದೂ ತಿಳಿಯುವುದಿಲ್ಲ. ಸ್ನಾನದ ನೀರಿನ ಬಿಸಿಯನ್ನು ಮನೆಯವರೇ ಮುಟ್ಟಿ ನೋಡಬೇಕು. ಎಬ್ಬಿಸುವಾಗ ಆ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜ ಜಾರುವ ಅಪಾಯವಿದೆ.